ದಾವಣಗೆರೆಯ ಗೇಮ್ ಜೋನ್‌ಗಳು: ಕಾರ್ಡಿಗೆ ದುಡ್ಡು ಹಾಕಿಸುವ ಮೊದಲು

ಮಕ್ಕಳಿಗೆ ಆರ್ಕೇಡ್ ಗೇಮ್, ಅಂದರೆ ದುಡ್ಡು ಹಾಕಿ ದೊಡ್ಡ ಯಂತ್ರಗಳ ಮುಂದೆ ಆಡುವ ವಿಡಿಯೋ ಗೇಮ್, ಆಡಿಸಬೇಕೆಂದರೆ ಬೆಂಗಳೂರಿಗೇ ಹೋಗಬೇಕು ಎಂದುಕೊಂಡಿರುವ ಚಿತ್ರದುರ್ಗ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯವರಿಗೆ ದಾವಣಗೆರೆಯೇ ಸಾಕು. ಆದರೆ ಅಲ್ಲಿ ಯಾವ ಜಾಗಕ್ಕೆ ಹೋಗಬೇಕು ಎಂಬುದನ್ನು ಫೋನಿನ ನಕ್ಷೆಯೊಂದನ್ನೇ ನಂಬಿ ತೀರ್ಮಾನಿಸಿದರೆ ಅರ್ಧ ದಿನವೂ ಹೋಗುತ್ತದೆ, ಕೈಯಲ್ಲಿದ್ದ ದುಡ್ಡೂ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಅಕ್ಕನ ಇಬ್ಬರು ಮಕ್ಕಳನ್ನು ಚಿತ್ರದುರ್ಗದಿಂದ ಕರೆದುಕೊಂಡು ಹೋಗಿದ್ದಾಗ ನಮಗಾದದ್ದು ಬೇರೆಯವರಿಗೆ ಆಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ವಿಷಯ. ಹುಬ್ಬಳ್ಳಿ ಕಡೆಗೆ ಹೊರಟಿದ್ದ ಖಾಸಗಿ ಬಸ್ಸೊಂದರ ಕಂಡಕ್ಟರ್ "ದಾವಣಗೆರೆ, ದಾವಣಗೆರೆ" ಎಂದು ಕೂಗಿ ಹತ್ತಿಸಿಕೊಂಡ, ಹೆದ್ದಾರಿಯ ಬೈಪಾಸ್‌ನಲ್ಲಿ ಇಳಿಸಿ "ಊರೊಳಗೆ ಹೋಗಲ್ಲ, ಇಲ್ಲೇ ಆಟೋ ಸಿಗ್ತವೆ" ಎಂದ. ನೆತ್ತಿಯ ಮೇಲೆ ಬಿಸಿಲು, ನಿಲ್ಲಲು ನೆರಳಿಲ್ಲ. ಅಲ್ಲಿದ್ದ ಒಂದೇ ಆಟೋದವರು ಕೇಳಿದ ಬಾಡಿಗೆ ನಾವು ಮೂವರು ಅರವತ್ತು ಕಿಲೋಮೀಟರಿಗೆ ಕೊಟ್ಟ ಟಿಕೆಟ್ ದುಡ್ಡಿಗಿಂತ ಹೆಚ್ಚಿತ್ತು. ಹತ್ತುವ ಮೊದಲೇ "ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತದೆಯೇ" ಎಂದು ಕೇಳಿ, ಹೋಗುವುದಿಲ್ಲವೆಂದರೆ ಆ ಬಸ್ಸನ್ನು ಬಿಟ್ಟುಬಿಡಿ. ಪಿ.ಬಿ. ರಸ್ತೆಯ ನಿಲ್ದಾಣದಲ್ಲಿ ಇಳಿದರೆ ಊರಿನ ಯಾವ ಮೂಲೆಗಾದರೂ ಹೋಗುವುದು ಸುಲಭ.

ಇನ್ನು ಹುಡುಕಾಟ. 'ಗೇಮ್ ಜೋನ್' ಎಂದು ಹುಡುಕಿದಾಗ ನಕ್ಷೆ ತೋರಿಸುವ ಜಾಗಗಳಲ್ಲಿ ನಾಲ್ಕೈದು ಬಗೆ ಬೆರೆತಿರುತ್ತವೆ: ಗಂಟೆಗಿಷ್ಟು ಎಂದು ಪ್ಲೇಸ್ಟೇಷನ್ ಆಡಿಸುವ ಕೋಣೆಗಳು, ಸ್ನೂಕರ್ ಹಾಲ್‌ಗಳು, ಚಿಕ್ಕ ಮಕ್ಕಳು ಪ್ಲಾಸ್ಟಿಕ್ ಚೆಂಡುಗಳ ನಡುವೆ ಹೊರಳಾಡುವ ಜಾಗಗಳು, ರಾತ್ರಿ ದೀಪದಡಿ ಕ್ರಿಕೆಟ್ ಆಡುವ ಟರ್ಫ್‌ಗಳು, ಕೊನೆಗೆ ಇಸ್ಪೀಟಿನ ರಿಕ್ರಿಯೇಷನ್ ಕ್ಲಬ್ಬುಗಳು ಕೂಡ. ಕಾಲೇಜುಗಳ ಸುತ್ತಮುತ್ತ ನಾವು ಕಂಡದ್ದು ಬಹುಮಟ್ಟಿಗೆ ಪ್ಲೇಸ್ಟೇಷನ್ ಕೋಣೆಗಳನ್ನೇ. ಅವು ಕೆಟ್ಟವೆಂದಲ್ಲ, ಆದರೆ ಸ್ಟೀರಿಂಗ್ ಹಿಡಿದು, ಬಂದೂಕು ಎತ್ತಿ, ನಿಂತು ಆಡುವ ಆಸೆಯಿಂದ ಬಂದ ಮಕ್ಕಳಿಗೆ ಸೋಫಾದ ಮೇಲೆ ಕೂತು ಆಡುವ ಫುಟ್‌ಬಾಲ್ ಗೇಮ್ ತೋರಿಸಿದರೆ ಮುಖ ಬಾಡುತ್ತದೆ. ಮತ್ತೊಂದು ವಿಳಾಸದಲ್ಲಿ ಗೇಮ್ ಜೋನ್ ಎಂದೋ ಮುಚ್ಚಿ, ಅಲ್ಲಿ ಸೀರೆ ಸೇಲ್ ನಡೆಯುತ್ತಿತ್ತು. ಆದ್ದರಿಂದ ಹೊರಡುವ ಹಿಂದಿನ ದಿನ ಫೋನ್ ಮಾಡಿ, ಕಾಯಿನ್ ಅಥವಾ ಕಾರ್ಡ್ ಹಾಕಿ ಆಡುವ ದೊಡ್ಡ ಯಂತ್ರಗಳು ಇವೆಯೇ, ಅವುಗಳಲ್ಲಿ ಈಗ ಎಷ್ಟು ನಡೆಯುತ್ತಿವೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ತಡವರಿಸಿದರೆ ಅಲ್ಲಿಗೆ ಹೋಗುವುದೇ ಬೇಡ.

ನಾವು ಮೊದಲು ಹೊಕ್ಕದ್ದು ಬಣ್ಣಬಣ್ಣದ ದೀಪಗಳ ದೊಡ್ಡ ಜಾಗವನ್ನು. ಕೌಂಟರಿನಲ್ಲಿ ಯಂತ್ರಗಳನ್ನು ಆಡಲು ಬೇಕಾದ ಕಾರ್ಡಿಗೆ 50 ರೂಪಾಯಿ, ಅದರ ಮೇಲೆ ಕನಿಷ್ಠ 500 ರೂಪಾಯಿ ರೀಚಾರ್ಜ್ ಎಂದರು. ಉಳಿದ ಹಣ ವಾಪಸ್ ಇಲ್ಲ ಎಂಬ ಮಾತು ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಇತ್ತು. ಯಂತ್ರಗಳ ಮೇಲೆ ಬೆಲೆಯನ್ನು ರೂಪಾಯಿಯಲ್ಲಿ ಬರೆಯದೆ ಪಾಯಿಂಟ್‌ಗಳಲ್ಲಿ ಬರೆದಿದ್ದರಿಂದ, ಮೂರು ನಿಮಿಷವೂ ನಡೆಯದ ಕಾರ್ ರೇಸಿಗೆ ಹೆಚ್ಚುಕಡಿಮೆ ನೂರು ರೂಪಾಯಿ ಹೋಗುತ್ತಿದೆ ಎಂಬುದು ಆಡಿ ಮುಗಿಸಿದ ಮೇಲೆ ಲೆಕ್ಕ ಹಾಕಿದರಷ್ಟೇ ತಿಳಿಯುತ್ತದೆ. ಅದೂ ಎಂಥ ರೇಸ್! "ಮಾಮ, ಇದು ಎಡಕ್ಕೆ ತಿರುಗ್ತಾನೇ ಇಲ್ಲ" ಎಂದು ಚಿಕ್ಕವನು ಕೂಗಿದ. ಅಲ್ಲಿದ್ದ ಹುಡುಗನನ್ನು ಕರೆದರೆ "ಅದು ಹಾಗೇ ಸರ್, ಸ್ವಲ್ಪ ಜೋರಾಗಿ ತಿರುಗಿಸ್ಬೇಕು" ಎಂದು ಹೇಳಿ ಹೋದ. ಗಾಳಿಯ ಮೇಲೆ ತೇಲುವ ಬಿಲ್ಲೆಯನ್ನು ಹೊಡೆದು ಆಡುವ 'ಏರ್ ಹಾಕಿ' ಮೇಜಿನ ಒಂದು ಬದಿಯ ತೂತುಗಳಲ್ಲಿ ಧೂಳು ಕಟ್ಟಿ ಗಾಳಿಯೇ ಬರುತ್ತಿರಲಿಲ್ಲ, ಬಿಲ್ಲೆ ಅಲ್ಲಿಗೆ ಬಂದೊಡನೆ ನಿಂತುಬಿಡುತ್ತಿತ್ತು. ಕಾರ್ಡಿನಲ್ಲಿ ಇನ್ನೂ ದುಡ್ಡು ಉಳಿದಿರುವಾಗ ವಾಪಸ್ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಮುಂದಿನ ಸಲ ಬಂದಾಗ ಆಡ್ಬಹುದು ಸರ್." ಪರ ಊರಿನಿಂದ ಬಂದವರಿಗೆ ಮುಂದಿನ ಸಲ ಎಂಬುದು ಯಾವಾಗ? ಕೆಟ್ಟ ಯಂತ್ರಕ್ಕೆ ದುಡ್ಡು ತೆಗೆದುಕೊಂಡು ಈ ಮಾತು ಹೇಳುವುದು ನನ್ನ ಲೆಕ್ಕದಲ್ಲಿ ಅನ್ಯಾಯವೇ. ಇಂಥ ಕಡೆ ಬಿಲ್ ಕೇಳಿ ಪಡೆಯಿರಿ, ನಡೆಯದ ಯಂತ್ರದ ಫೋಟೋ ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ದೂರು ಕೊಡುವಾಗ ಅವೆರಡೂ ಬೇಕಾಗುತ್ತವೆ.

ಕಾರ್ಡ್ ಮಾಡಿಸುವ ಮೊದಲು ಒಳಗೆ ಒಂದು ಸುತ್ತು ಹಾಕಿ, ಬೇರೆಯವರು ಆಡುವುದನ್ನು ಹತ್ತು ನಿಮಿಷ ನಿಂತು ನೋಡಿ. ರೇಸಿಂಗ್ ಯಂತ್ರದಲ್ಲಿ ಸ್ಟೀರಿಂಗ್ ಕೈಬಿಟ್ಟರೆ ನಡುವಿಗೆ ಬರುತ್ತದೆಯೇ, ಆಕ್ಸಿಲರೇಟರ್ ಒತ್ತಿದರೆ ತೆರೆಯ ಮೇಲಿನ ಕಾರು ಒಡನೆ ಓಡುತ್ತದೆಯೇ ಎಂಬುದನ್ನು ಗಮನಿಸಿ. ಬಂದೂಕಿನ ಗೇಮ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಬಂದೂಕಿನ ಯಂತ್ರಗಳಲ್ಲಿ ಹಲವನ್ನು ದಪ್ಪ ಪಿಕ್ಚರ್ ಟ್ಯೂಬಿನ ತೆರೆಗಾಗಿಯೇ ಮಾಡಿದ್ದರು. ಆ ತೆರೆಯ ಮೇಲೆ ಓಡುವ ಬೆಳಕಿನ ಗೆರೆಯನ್ನು ಹಿಡಿದೇ ಬಂದೂಕು ಗುರಿಯನ್ನು ಗುರುತಿಸುತ್ತದೆ. ಟ್ಯೂಬ್ ಸುಟ್ಟಿತೆಂದು ಚಪ್ಪಟೆ ಟಿ.ವಿ. ಕೂರಿಸಿದರೆ ಚಿತ್ರ ಬರುತ್ತದೆ, ಗುರಿ ಮಾತ್ರ ಬರುವುದಿಲ್ಲ. 1995ರ ಟೈಮ್ ಕ್ರೈಸಿಸ್ ಎಂಬ ಬಂದೂಕಿನ ಗೇಮ್‌ನಲ್ಲಿ ಮರೆಯಿಂದ ಹೊರಬರಲು ಕಾಲಿನ ಪೆಡಲ್ ಒತ್ತಬೇಕು, ಪೆಡಲ್ ಕೆಟ್ಟಿದ್ದರೆ ಆ ಯಂತ್ರಕ್ಕೆ ದುಡ್ಡು ಹಾಕುವುದು ವ್ಯರ್ಥ. ಗೊಂಬೆ ಎತ್ತುವ ಕೊಕ್ಕೆಯ ಯಂತ್ರದ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಅಂಥ ಬಹುತೇಕ ಯಂತ್ರಗಳಲ್ಲಿ ಕೊಕ್ಕೆ ಎಷ್ಟು ಸಲಕ್ಕೊಮ್ಮೆ ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ಮಾಲೀಕರೇ ಮೊದಲೇ ಹೊಂದಿಸಿ ಇಡಬಹುದು, ಹಾಗಾಗಿ ಆಡುವವರ ಕೈಚಳಕಕ್ಕೆ ಅಲ್ಲಿ ಹೆಚ್ಚು ಬೆಲೆಯಿಲ್ಲ.

ಬೇಸರದಿಂದ ಹೊರಬಂದು ಹಳೆ ಊರಿನ ಕಡೆ ಒಂದು ಗಲ್ಲಿಯಲ್ಲಿ ತಿಂದ ಬೆಣ್ಣೆ ದೋಸೆಯನ್ನು ಹೇಳದೆ ಮುಂದೆ ಹೋಗಲಾರೆ. ನಾಲ್ಕು ಬೆಂಚು, ಕಟ್ಟಿಗೆ ಒಲೆ, ಹೊಗೆಯಿಂದ ಕಪ್ಪಾದ ಗೋಡೆ. ಕಾದ ಹಂಚಿಗೆ ನೀರು ಚಿಮುಕಿಸಿ, ಹಿಡಿಗಟ್ಟಿನ ಕಸಪೊರಕೆಯಿಂದ ಒರೆಸಿ, ಅಂಗೈಗಿಂತ ಸ್ವಲ್ಪವೇ ದೊಡ್ಡದಾಗಿ ದಪ್ಪನೆಯ ದೋಸೆ ಹುಯ್ದು, ಮೇಲೆ ಬೆಣ್ಣೆ ಹಾಕುತ್ತಿದ್ದರು. ಹಿಟ್ಟಿಗೆ ಮಂಡಕ್ಕಿ ಸೇರುವುದರಿಂದ ಅಂಚು ಗರಿಗರಿಯಾಗಿದ್ದರೂ ಒಳಗೆ ಮೆತ್ತಗಿರುತ್ತದೆ. ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಹಸಿಮೆಣಸಿನ ಖಾರದ ಕಾಯಿ ಚಟ್ನಿ, ಅಷ್ಟೇ, ಸಾಂಬಾರ್ ಕೇಳಬೇಡಿ. ಚಟ್ನಿ ಖಾರವೆಂದು ಚಿಕ್ಕವನು ಮುಖ ಮಾಡಿದ್ದಕ್ಕೆ ಬಡಿಸುತ್ತಿದ್ದ ಅಜ್ಜ ಕೇಳದೆಯೇ ಅವನ ಎಲೆಗೆ ಇನ್ನೊಂದು ಉಂಡೆ ಬೆಣ್ಣೆ ಹಾಕಿ "ತಿನ್ನಪ್ಪಾ" ಎಂದರು. ಮೂವರು ಹೊಟ್ಟೆ ತುಂಬಾ ತಿಂದು, ಕಾಫಿ ಕುಡಿದರೂ ಬಿಲ್ಲು 250 ರೂಪಾಯಿ ದಾಟಲಿಲ್ಲ. ಗೇಮ್ ಜೋನಿನೊಳಗೆ ಒಬ್ಬರಿಗೆ ಸಿಗುತ್ತಿದ್ದ ಬರ್ಗರ್, ತಂಪು ಪಾನೀಯಕ್ಕೇ ಅಷ್ಟಾಗುತ್ತಿತ್ತು. ಊಟವನ್ನು ಹೊರಗೇ ಮುಗಿಸಿ ಒಳಗೆ ಹೋಗಿ.

ಒಳ್ಳೆಯ ಜಾಗ ಸಿಕ್ಕಿದ್ದು ಪಿ.ಜೆ. ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ, ಫಲಕದ ಮೇಲೆ ಬರಿಯ 'ವಿಡಿಯೋ ಗೇಮ್ಸ್' ಎಂದು ಬರೆದಿದ್ದ ಒಂದು ಮಳಿಗೆಯಲ್ಲಿ. ಹತ್ತಕ್ಕಿಂತ ಕಡಿಮೆ ಯಂತ್ರಗಳು, ಎಲ್ಲವೂ ಹಳೆಯವು. ಕಾರ್ಡಿನ ತಂಟೆಯಿಲ್ಲ, 20 ರೂಪಾಯಿಗೆ ಒಂದು ಟೋಕನ್. 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಎಂಬ ಹೊಡೆದಾಟದ ಗೇಮ್ ಆಡುತ್ತಿದ್ದ ದೊಡ್ಡವನು ಒದೆಯುವ ಗುಂಡಿ ಕೆಲಸ ಮಾಡುತ್ತಿಲ್ಲವೆಂದಾಗ ಮಾಲೀಕರು ವಾದ ಮಾಡಲಿಲ್ಲ. ಸ್ಕ್ರೂಡ್ರೈವರ್ ತಂದು ಗುಂಡಿಗಳ ಹಲಗೆಯನ್ನು ಎತ್ತಿದರು. ಪ್ರತಿ ಗುಂಡಿಯ ಕೆಳಗೂ ಉಗುರಿನಷ್ಟು ಅಗಲದ ಕಪ್ಪು ಸ್ವಿಚ್ಚು, ಅದಕ್ಕೆ ಎರಡೆರಡು ತಂತಿ. ಬೆರಳಿನಿಂದ ಒಂದೊಂದನ್ನೇ ಒತ್ತಿ ಟಿಕ್ ಸದ್ದು ಕೇಳಿಸಿಕೊಂಡು, ಸದ್ದು ಬಾರದ ಒಂದನ್ನು ಕಿತ್ತು, ಡಬ್ಬಿಯಿಂದ ಹೊಸದನ್ನು ತೆಗೆದು ಕೂರಿಸಿದರು. ಆಮೇಲೆ ತಮ್ಮದೇ ಟೋಕನ್ ಹಾಕಿ "ಈಗ ಆಡು ಮರಿ, ಆ ಆಟ ಲೆಕ್ಕಕ್ಕಿಲ್ಲ" ಎಂದರು. ಬಿಡಿಭಾಗಗಳ ಡಬ್ಬಿ ಇಟ್ಟುಕೊಂಡು, ಸ್ವತಃ ಯಂತ್ರ ಬಿಚ್ಚಬಲ್ಲವರು ಇರುವ ಕಡೆಯೇ ಆಡಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಲಿ ಎ.ಸಿ. ಇಲ್ಲ, ಫ್ಯಾನಿನ ಗಾಳಿ ಸಾಲದು; ಸೆಖೆ ತಡೆಯದವರು ಮಧ್ಯಾಹ್ನ ಹೋಗಬಾರದು. ಕರೆಂಟ್ ಹೋದರೆ ಟೋಕನ್ ವಾಪಸ್ ಕೊಡುತ್ತಾರೆಯೇ ಎಂದು ಎಲ್ಲಿಯೇ ಆಗಲಿ ಮೊದಲೇ ಕೇಳಿಕೊಳ್ಳಿ.

ನನಗೆ ನೂಕುನುಗ್ಗಲು ಸ್ವಲ್ಪವೂ ಆಗುವುದಿಲ್ಲ, ಹಾಗಾಗಿ ಭಾನುವಾರ ಸಂಜೆ ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ವಾರದ ದಿನಗಳಲ್ಲೂ ಕಾಲೇಜು ಬಿಟ್ಟ ಮೇಲೆ ಎಲ್ಲ ಕಡೆಯೂ ವಿದ್ಯಾರ್ಥಿಗಳ ಗುಂಪು, ಒಂದು ಯಂತ್ರಕ್ಕೆ ಅರ್ಧ ಗಂಟೆ ಕಾಯಬೇಕು. ವಾರದ ನಡುವಿನ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದು ಮೇಲು.

ಮಹಡಿಯ ಮೇಲಿನ, ಕಿಟಕಿಗಳನ್ನೆಲ್ಲ ಮುಚ್ಚಿದ ಜಾಗಗಳಲ್ಲಿ ಹೊರಗೆ ಹೋಗುವ ಎರಡನೆಯ ದಾರಿ ಎಲ್ಲಿದೆ ಎಂದು ಒಳಹೊಕ್ಕ ತಕ್ಷಣ ಕೇಳಿ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಜೋನ್ ಒಂದರಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸತ್ತರು. ಆ ಜಾಗಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ನಾವು ಮೊದಲು ಹೋಗಿದ್ದ ದೊಡ್ಡ ಜಾಗದಲ್ಲಿ ಹಿಂಬಾಗಿಲಿನ ಮುಂದೆ ಕೆಟ್ಟ ಯಂತ್ರಗಳನ್ನೇ ಒಟ್ಟಿದ್ದರು. ಹಾಗೆ ಕಂಡರೆ ಮಕ್ಕಳು ಎಷ್ಟೇ ಹಠ ಮಾಡಲಿ, ಕಾರ್ಡ್ ಮಾಡಿಸದೆ ಇಳಿದು ಬನ್ನಿ.