ಮೊದಲನೇ ಹಂತದಲ್ಲೇ ನಿಂತ ಹುಡುಗಿ

"ಮೇಡಂ, ನಾನಿನ್ನೂ ಮೊದಲನೇ ಹಂತದಲ್ಲೇ ಇದ್ದೀನಿ."

ಮಂಗಳವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಹತ್ತನೇ ತರಗತಿಯ ಹುಡುಗಿ. ಜಾಸ್ತಿ ಮಾತಾಡುವವಳಲ್ಲ. ಉಳಿದವರೆಲ್ಲ ನಾಲ್ಕನೆಯದೋ ಐದನೆಯದೋ ಬರೆಯುತ್ತಿದ್ದರು. ಇವಳ ಹಾಳೆ ಖಾಲಿ. ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ.

ಕವಿತೆ ಬಿಡಿಸಿ ಓದುವುದಕ್ಕೆ ನಾನು ಆರು ಹಂತ ಮಾಡಿಕೊಂಡಿದ್ದೇನೆ. ಮೊದಲು ಪೆನ್ನು ಮುಟ್ಟದೆ ಎರಡು ಸಲ ಓದಬೇಕು, ಒಮ್ಮೆ ಬಾಯಿಬಿಟ್ಟು, ಒಮ್ಮೆ ಮನಸ್ಸಿನಲ್ಲೇ. ಆಮೇಲೆ ಗೊತ್ತಿಲ್ಲದ ಪದಗಳಿಗೆ ಗೆರೆ. ಮಾತಾಡುತ್ತಿರುವವರು ಯಾರು, ಯಾರ ಹತ್ತಿರ ಅನ್ನೋದು ಮೂರನೆಯದು. ನಂತರ ಕಣ್ಣಿಗೆ ಕಟ್ಟುವ ಚಿತ್ರ, ಕಿವಿಗೆ ಸಿಗುವ ಪ್ರಾಸ, ಮಾತ್ರೆ. ಕೊನೆಗೆ, ಕವಿತೆ ಎಲ್ಲಿ ಹೊರಳುತ್ತದೆ ಅಂತ ಸ್ವಂತ ಮಾತಿನಲ್ಲಿ ಮೂರು ವಾಕ್ಯ.

"ಕವಿತೆಯನ್ನು ಹೀಗೆ ಕುಯ್ಯಬಾರದು, ಅನುಭವಿಸಬೇಕು" ಎಂದು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳುತ್ತಿರುತ್ತಾರೆ. ಒಳ್ಳೆಯ ಮನುಷ್ಯ, ತುಂಬಾ ಓದಿಕೊಂಡವರು. ಆದರೆ ಈ ಮಾತು ಹೇಳುವವರೆಲ್ಲ ಓದಲು ಬರುವವರೇ. ಕವಿತೆ ಕಂಡರೆ ಹೆದರುವ ಮಗುವಿಗೆ 'ಅನುಭವಿಸು' ಅಂದರೆ ಅದು ಏನು ಮಾಡಬೇಕು? ನೇರ ಗೈಡ್ ತೆಗೆಯುತ್ತದೆ. 'ಕವಿಯು ಈ ಪದ್ಯದಲ್ಲಿ' ಎಂದು ಶುರುವಾಗುವ ಸಾರಾಂಶ ಉರುಹೊಡೆಯುತ್ತದೆ. ಹಂತಗಳಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ. ಇದನ್ನು ನಾನು ಇವತ್ತಿಗೂ ನಂಬುತ್ತೇನೆ.

ಅಭ್ಯಾಸಕ್ಕೆ ಕೊಡುವ ಪದ್ಯದ ಕೆಳಗೆ ಕವಿಯ ಹೆಸರು ಹಾಕುವುದಿಲ್ಲ. ಇದು ಹಳೆಯ ಪದ್ಧತಿ. ಇಂಗ್ಲಿಷ್ ಸಾಹಿತ್ಯ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಹೆಸರು ಮರೆಮಾಡಿ ಕವಿತೆಗಳನ್ನು ಹಂಚಿ, ವಿದ್ಯಾರ್ಥಿಗಳು ಬರೆದುಕೊಟ್ಟದ್ದನ್ನು 1929ರಲ್ಲಿ ಪುಸ್ತಕ ಮಾಡಿದರು. ಅಷ್ಟು ಓದಿದ ಹುಡುಗರೇ ಎಷ್ಟೋ ಕಡೆ ಸರಳವಾದ ನೇರ ಅರ್ಥದಲ್ಲೇ ಎಡವಿದ್ದರು. ಹೆಸರು ಕಂಡ ತಕ್ಷಣ ನಾವು ಕವಿತೆ ಬಿಟ್ಟು ಕವಿಯನ್ನು ಓದತೊಡಗುತ್ತೇವೆ, ಅಲ್ವಾ?

ಮಂಗಳವಾರ ಕೊಟ್ಟಿದ್ದು ನಾಲ್ಕೇ ಸಾಲು. ಮಾತ್ರೆ, ಪ್ರಾಸ ಗುರುತಿಸಲು ಸುಲಭವಾಗಲಿ ಎಂದು ನಾನೇ ಬರೆದದ್ದು. ಮಕ್ಕಳಿಗೆ ಅದು ಗೊತ್ತಿರಲಿಲ್ಲ.

ತೆರೆ ಸರಿಯಿತು, ತೀರದಲ್ಲಿ
ಬರೆದ ಹೆಸರು ಉಳಿಯಲಿಲ್ಲ.
ಕರೆದ ದನಿಗೆ ದೂರದಲ್ಲಿ
ತಿರುಗಿ ನೋಡಿದವರು ಇಲ್ಲ.

ಮೂರು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ರಕಾರ, ಆದಿಪ್ರಾಸ. ಮಕ್ಕಳು ಲಘು ಗುರು ಹಾಕಿ, ಗಣ ವಿಂಗಡಿಸಿ, ಚೆನ್ನಾಗಿಯೇ ಮಾಡಿದ್ದರು. 'ಗೊತ್ತಿಲ್ಲದ ಪದ' ಎಂಬಲ್ಲಿ ಬಹಳಷ್ಟು ಜನ 'ಯಾವುದೂ ಇಲ್ಲ' ಎಂದು ಬರೆದಿದ್ದರು. ನನಗೂ ಹಾಗೇ ಅನಿಸಿತ್ತು. ಇರುವ ಪದಗಳೆಲ್ಲ ದಿನಬಳಕೆಯವೇ.

ಅವಳ ಬೆಂಚಿನ ಹತ್ತಿರ ಹೋಗಿ, "ಎರಡು ಸಲ ಓದಿ ಆಯ್ತಲ್ಲ, ಮುಂದೆ ಹೋಗಮ್ಮ" ಅಂದೆ. ಆಗಲೇ ಅವಳು ಆ ಮಾತು ಹೇಳಿದ್ದು. ಹಟ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಇರುವುದನ್ನು ಇರುವ ಹಾಗೆ ಹೇಳಿದಳು.

"ಯಾಕೆ, ಎಲ್ಲಿ ನಿಂತೆ?"

ಅವಳು 'ತೆರೆ' ಮೇಲೆ ಬೆರಳಿಟ್ಟಳು. "ಇದು ಅಲೆನಾ, ಪರದೆನಾ ಮೇಡಂ? ಓದಿದ ಸಲ ಸಲಕ್ಕೂ ಬೇರೆ ಬೇರೆ ಕಾಣ್ತಿದೆ."

"ತೀರ ಅಂತ ಇದೆಯಲ್ಲ, ಅಲೆನೇ" ಅಂದೆ. ಬರೆದವಳು ನಾನು, ನನಗೆ ಗೊತ್ತಿಲ್ಲವೇ?

"ಅಲೆ ಆದ್ರೆ ಹೆಸರನ್ನ ಅದೇ ಅಳಿಸಿದ್ದು. ಪರದೆ ಆದ್ರೆ, ಹೆಸರು ಯಾವಾಗಲೋ ಹೋಗಿತ್ತು, ಇವರಿಗೆ ಈಗ ಕಂಡಿದೆ ಅಷ್ಟೆ. ಆಗ ಜಾಸ್ತಿ ಬೇಜಾರಾಗತ್ತೆ."

ನಾನು ಏನೂ ಹೇಳಲಿಲ್ಲ. ಗಂಟೆ ಹೊಡೆಯಿತು. ಹಾಳೆ ತೆಗೆದುಕೊಂಡು ಬಂದೆ.

ಮನೆಗೆ ಬಂದ ಮೇಲೂ ಅವಳ ಬೆರಳು, ಆ ಎರಡಕ್ಷರ ಕಣ್ಣಮುಂದೆಯೇ ಇದ್ದವು. 'ತೆರೆ' ಬರೆಯುವಾಗ ನನ್ನ ಮನಸ್ಸಿನಲ್ಲಿ ಪರದೆ ಇರಲೇ ಇಲ್ಲ. ಹಾಗೆಂದು ಅವಳು ಓದಿದ್ದು ತಪ್ಪೇ? ಕವಿತೆಯಲ್ಲಿ ಆ ಅರ್ಥ ಇದೆ. ಅದನ್ನು ಅಲ್ಲಿಟ್ಟಿದ್ದು ನಾನಲ್ಲ, ಕನ್ನಡ. 'ಕವಿ ಏನು ಹೇಳಿದ್ದಾರೆ?' ಎಂದು ಇಷ್ಟು ವರ್ಷ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ಕವಿಗೇ ಗೊತ್ತಿರದಿದ್ದನ್ನು ಒಬ್ಬ ಹುಡುಗಿ ಓದಿದರೆ ಆ ಪ್ರಶ್ನೆ ಅವಳಿಗೆ ಏನು ಅಂಕ ಕೊಡುತ್ತದೆ? ಸೊನ್ನೆ. ಎಷ್ಟು ಮಕ್ಕಳಿಗೆ ಹೀಗೆ 'ಮುಂದೆ ಹೋಗು' ಅಂದಿದ್ದೇನೋ. ಅವರಲ್ಲಿ ಎಷ್ಟು ಜನ ಸುಮ್ನೆ ಮುಂದೆ ಹೋದರೋ. ಇದನ್ನು ನೆನೆದರೆ ಸಂಕಟವಾಗುತ್ತದೆ.

ನನ್ನ ಎರಡನೇ ಹಂತದಲ್ಲೇ ತೊಡಕಿದೆ. ಗೊತ್ತಿಲ್ಲದ ಪದವನ್ನು ನಿಘಂಟು ಹೇಳಿಬಿಡುತ್ತದೆ. ಗೊತ್ತಿರುವ ಪದದ ಮೇಲೆ ನಾವು ನಿಲ್ಲುವುದೇ ಇಲ್ಲ, ದಾಟಿಕೊಂಡು ಹೋಗುತ್ತೇವೆ. ಈ ನಾಲ್ಕು ಸಾಲಿನಲ್ಲಿ ನಿಲ್ಲಬೇಕಾಗಿದ್ದ ಜಾಗ ಅದೇ ಆಗಿತ್ತು. ಅವಳು ಮೊದಲ ಹಂತವನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡುತ್ತಿದ್ದಳು.

ಗುರುವಾರ ಬೋರ್ಡ್ ಮೇಲೆ ಎರಡನೇ ಹಂತ ಬದಲಿಸಿದೆ: 'ಗೊತ್ತಿದೆ ಎಂದುಕೊಂಡ ಪದಗಳಿಗೆ ಗೆರೆ ಎಳೆಯಿರಿ.' ಆ ಸಾಲುಗಳು ನನ್ನವೇ ಎಂದೂ ಹೇಳಿದೆ. ಪರದೆಯ ವಿಷಯ ನನಗೆ ಹೊಳೆದಿರಲಿಲ್ಲ ಎಂದಾಗ ಎಲ್ಲರೂ ಅವಳ ಕಡೆ ನೋಡಿದರು. ಅವಳು ಹಾಳೆಯಿಂದ ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ. "ಮೇಡಂ, ತಿರುಗಿ ಅಂದ್ರೆ ಮತ್ತೆ ಅಂತಾನೂ ಆಗತ್ತೆ ಅಲ್ವಾ?"

ಹೌದು, ಆಗುತ್ತದೆ ಅಂದೆ.

"ಹಾಗಿದ್ರೆ ಅವರು ಒಂದು ಸಲ ನೋಡಿದ್ದರು!"

ಆಗ ಅವಳು ತಲೆ ಎತ್ತಿದಳು.