ಲ್ಯಾಪ್‌ಟಾಪ್ ಹಳೆಯದಾಗಿದೆ, ಈಗಲೇ ಬದಲಿಸಲೋ ಇನ್ನೂ ಕಾಯಲೋ?

“ಲ್ಯಾಪ್‌ಟಾಪ್‌ಗೆ ಆರು ವರ್ಷ ಆಯ್ತು, ತುಂಬಾ ಸ್ಲೋ. ಈಗಲೇ ಹೊಸದು ತಗೊಳ್ಳಲೋ, ಇನ್ನೊಂದು ವರ್ಷ ಹೇಗೋ ತಳ್ಳಲೋ?” ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಇದೇ.

‘ಸ್ಲೋ’ ಅನ್ನುವುದು ‘ಮೈ ಹುಷಾರಿಲ್ಲ’ ಅಂದ ಹಾಗೆ. ಜ್ವರವೋ ಹೊಟ್ಟೆನೋವೋ ಗೊತ್ತಾಗದೆ ಯಾರೂ ಮಾತ್ರೆ ಬರೆದುಕೊಡುವುದಿಲ್ಲ. ಯಂತ್ರಕ್ಕೆ ಎಷ್ಟು ವಯಸ್ಸು ಅನ್ನುವುದಕ್ಕಿಂತ, ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಡಿಸ್ಕ್, ರ‍್ಯಾಮ್ (ತೆರೆದ ಪ್ರೋಗ್ರಾಂಗಳು ಕೂರುವ ಮೆಮೊರಿ), ಬ್ಯಾಟರಿ, ಧೂಳು ತುಂಬಿದ ಫ್ಯಾನ್ ಇವೆಲ್ಲ ಸಾಮಾನ್ಯವಾಗಿ ಬದಲಿಸಬಹುದಾದ ಇಲ್ಲವೇ ಸರಿಮಾಡಬಹುದಾದ ಭಾಗಗಳು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಹಾಗಲ್ಲ. ಕಳೆದ ಹತ್ತು ವರ್ಷಗಳ ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಅವು ಮದರ್‌ಬೋರ್ಡ್‌ಗೆ ಬೆಸುಗೆಯಾಗಿ ಕೂತಿರುತ್ತವೆ. ತೊಂದರೆ ಮೊದಲ ಗುಂಪಿನದಾದರೆ ಸ್ವಲ್ಪ ಖರ್ಚು ಮಾಡಿ ಧಾರಾಳವಾಗಿ ಕಾಯಬಹುದು. ಎರಡನೆಯ ಗುಂಪಿನದಾದರೆ ಕಾದು ಗಿಟ್ಟುವುದು ಅಷ್ಟಕ್ಕಷ್ಟೇ.

ಇದನ್ನು ಕಂಡುಹಿಡಿಯಲು ಕಾಲು ಗಂಟೆ ಸಾಕು. ಲ್ಯಾಪ್‌ಟಾಪ್ ಆನ್ ಮಾಡಿದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಡಿ. ಆ ಹೊತ್ತಿನಲ್ಲಿ ಅಪ್‌ಡೇಟ್, ವೈರಸ್ ಸ್ಕ್ಯಾನ್ ಓಡುತ್ತಿರುತ್ತವೆ, ಆಗ ಅಳೆದರೆ ಲೆಕ್ಕ ತಪ್ಪುತ್ತದೆ. ಆಮೇಲೆ ದಿನನಿತ್ಯ ತೆರೆಯುವುದನ್ನೆಲ್ಲ ತೆರೆಯಿರಿ: ಬ್ರೌಸರ್‌ನ ಹದಿನೈದು ಟ್ಯಾಬ್, ಎಕ್ಸೆಲ್ ಫೈಲ್, ವಿಡಿಯೋ ಕಾಲ್. ಈಗ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ, ಯಂತ್ರ ತಡವರಿಸುವ ಕ್ಷಣದಲ್ಲೇ ಅಂಕಿಗಳನ್ನು ನೋಡಿ.

ಸಿಪಿಯು (ಪ್ರೊಸೆಸರ್) 10–15 ಶೇಕಡಾದಲ್ಲಿ ಆರಾಮವಾಗಿದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಅಪರಾಧಿ ಡಿಸ್ಕ್. ಮೆಮೊರಿ ಪುಟದಲ್ಲಿ ‘ಕಮಿಟೆಡ್’ ಎಂಬ ಜೋಡಿ ಅಂಕಿ ಇರುತ್ತದೆ, ಉದಾಹರಣೆಗೆ 11.4/13.2 ಜಿಬಿ. ಮೊದಲನೆಯದು ತೆರೆದಿರುವ ಪ್ರೋಗ್ರಾಂಗಳು ಕಾಯ್ದಿರಿಸಿಕೊಂಡ ಜಾಗ. ಎರಡನೆಯದು ರ‍್ಯಾಮ್ ಜೊತೆಗೆ ಡಿಸ್ಕ್‌ನಿಂದ ಕಡ ತಂದ ಜಾಗ. ಯಂತ್ರದಲ್ಲಿರುವುದೇ 8 ಜಿಬಿ, ಮೊದಲ ಅಂಕಿ 11ರ ಮೇಲೆ, ಬಳಕೆ 90 ಶೇಕಡಾ ದಾಟಿದೆ ಅಂದರೆ ರ‍್ಯಾಮ್ ಸಾಲುತ್ತಿಲ್ಲ ಎಂದೇ ಅರ್ಥ. ಡಿಸ್ಕ್, ರ‍್ಯಾಮ್ ಎರಡೂ ನಿರಾಳವಾಗಿದ್ದು ಸಿಪಿಯು ಒಂದೇ ಸಮನೆ 100ರಲ್ಲಿದ್ದರೆ ಅದರ ಕೆಳಗಿನ ‘ಸ್ಪೀಡ್’ ಅಂಕಿಯನ್ನು ನೋಡಬೇಕು. ಬೇಸ್ ಸ್ಪೀಡ್ 1.8 ಗಿಗಾಹರ್ಟ್ಸ್ ಎಂದಿದ್ದು, ಪೂರ್ತಿ ಕೆಲಸದ ನಡುವೆಯೂ 0.8ಕ್ಕೆ ಇಳಿದಿದ್ದರೆ ಚಿಪ್ ಹಳೆಯದಾಯಿತು ಅಂತಲ್ಲ, ಏನೋ ಅದರ ಕತ್ತು ಹಿಸುಕುತ್ತಿದೆ. ಸಾಮಾನ್ಯವಾಗಿ ಅದು ಶಾಖ. ಕೆಲವೊಮ್ಮೆ ಚಾರ್ಜರ್: 65 ವಾಟ್ ಬೇಕಾದ ಯಂತ್ರಕ್ಕೆ 45 ವಾಟ್‌ನದು ಚುಚ್ಚಿದರೆ, ಅಥವಾ ಚಾರ್ಜರ್‌ನ ಗುರುತು ಯಂತ್ರಕ್ಕೆ ಹತ್ತದಿದ್ದರೆ, ವೇಗವನ್ನು ಅದೇ ಇಳಿಸಿಕೊಳ್ಳುತ್ತದೆ. ವೇಗ ಸರಿಯಾಗಿಯೇ ಇದ್ದು ಆದರೂ 100 ಶೇಕಡಾ ತಿನ್ನುತ್ತಿದ್ದರೆ ಮಾತ್ರ ಪ್ರೊಸೆಸರ್ ನಿಜಕ್ಕೂ ಸಾಲುತ್ತಿಲ್ಲ.

ಇನ್ನೂ ಹಾರ್ಡ್ ಡಿಸ್ಕ್ ಇರುವ ಯಂತ್ರವಾದರೆ ಉಳಿದ ಮಾತೆಲ್ಲ ಆಮೇಲೆ, ಮೊದಲು ಅದರ ಜಾಗಕ್ಕೆ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಹಾಕಬೇಕು. 5400 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗಲು 11 ಮಿಲಿಸೆಕೆಂಡ್ ತಗೊಳ್ಳುತ್ತದೆ. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತಲೆ ಸರಿಯಾದ ಗೆರೆಗೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಅಲ್ಲಿಗೆ ಚದುರಿದ ಚಿಕ್ಕ ಫೈಲ್‌ಗಳನ್ನು ಸೆಕೆಂಡಿಗೆ ಸುಮಾರು ಅರವತ್ತರಷ್ಟು ಓದಬಹುದು, ಅಷ್ಟೇ. ವಿಂಡೋಸ್ ಏಳುವಾಗ ಓದುವುದು ಇಂಥ ಸಾವಿರಾರು ತುಣುಕುಗಳನ್ನು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ, ಹಾಗಾಗಿ ಅದು ಅದೇ ಹೊತ್ತಿನಲ್ಲಿ ಹತ್ತಾರು ಸಾವಿರ ತುಣುಕು ಓದುತ್ತದೆ. ಸಾಟಾ (ಹಳೆಯ ಜೋಡಣೆ) ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ, ಎನ್‌ವಿಎಂಇ (ಹೊಸ, ವೇಗದ ಜೋಡಣೆ) 3500 ಎಂಬಿ ಎಂಬ ಜಾಹೀರಾತಿನ ಅಂಕಿಗಳು ದೊಡ್ಡ ಫೈಲ್ ನಕಲು ಮಾಡುವಾಗಿನ ಮಾತು. ಹಾರ್ಡ್ ಡಿಸ್ಕ್‌ನಿಂದ ಬರುವವರಿಗೆ ದಿನದ ಕೆಲಸದಲ್ಲಿ ಎರಡೂ ಒಂದೇ ಥರ ಅನ್ನಿಸುತ್ತವೆ.

ತಪ್ಪಾಗುವುದು ಖರೀದಿಯಲ್ಲಿ. ಎಂ.2 ಎನ್ನುವುದು ಎಸ್‌ಎಸ್‌ಡಿ ಕೂರುವ ಸ್ಲಾಟ್‌ನ ಆಕಾರದ ಹೆಸರು, ವೇಗದ್ದಲ್ಲ. ಅದೇ ಆಕಾರದಲ್ಲಿ ಸಾಟಾ ಕಡ್ಡಿಯೂ ಬರುತ್ತದೆ, ಎನ್‌ವಿಎಂಇ ಕಡ್ಡಿಯೂ ಬರುತ್ತದೆ. ಹಳೆಯ ಎಷ್ಟೋ ಯಂತ್ರಗಳ ಸ್ಲಾಟ್ ಇವೆರಡರಲ್ಲಿ ಒಂದನ್ನಷ್ಟೇ ಒಪ್ಪುತ್ತದೆ. ಉದ್ದವೂ ಬೇರೆ ಬೇರೆ: 2280 ಅಂದರೆ 22 ಮಿಮೀ ಅಗಲ, 80 ಮಿಮೀ ಉದ್ದ, 2242ರ ಜಾಗದಲ್ಲಿ ಅದು ಕೂರುವುದಿಲ್ಲ. 2.5 ಇಂಚಿನ ಡಿಸ್ಕ್ ಇರುವ ಯಂತ್ರವಾದರೆ ಈ ತಲೆನೋವಿಲ್ಲ, 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ ನೇರವಾಗಿ ಕೂರುತ್ತದೆ. ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಸರ್ವಿಸ್ ಮ್ಯಾನುಯಲ್ ಹುಡುಕಿ ಓದಿದ ಮೇಲೆಯೇ ಕೊಳ್ಳಿ.

ಬದಲಿಸುವ ಮುಂಚೆ ಎರಡು ಕೆಲಸ. ಫೈಲ್‌ಗಳ ಬ್ಯಾಕಪ್ ಒಂದು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಇನ್ನೊಂದು. ಬಿಟ್‌ಲಾಕರ್ ಹಾಕಿದ ನೆನಪೇ ಇಲ್ಲ ಎನ್ನುವವರ ಯಂತ್ರದಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿ ಆನ್ ಆಗಿರುವುದುಂಟು. 48 ಅಂಕಿಗಳ ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲಲ್ಲ. ಕ್ಲೋನ್ (ಹಳೆಯ ಡಿಸ್ಕ್‌ನ ಪೂರ್ತಿ ನಕಲು) ಮಾಡುವುದಾದರೆ ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಜೋಡಿಸಿ ನಕಲಿಸಬಹುದು. ಮುಗಿದ ಮೇಲೆ ಹಳೆಯದನ್ನು ಬಿಚ್ಚಿ, ಹೊಸದೊಂದನ್ನೇ ಇಟ್ಟು ಆನ್ ಮಾಡಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ಜೊತೆಗಿಟ್ಟರೆ ವಿಂಡೋಸ್ ಗಲಿಬಿಲಿಗೊಳ್ಳುತ್ತದೆ. ನನ್ನ ಮಟ್ಟಿಗೆ, ಐದಾರು ವರ್ಷದ ಕಸವನ್ನು ಹೊಸ ಡಿಸ್ಕ್‌ಗೆ ಹೊತ್ತು ತರುವುದಕ್ಕಿಂತ 8 ಜಿಬಿ ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕುವುದೇ ಮೇಲು. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಾದರೆ ಹೋಗುವುದಿಲ್ಲ.

ತಳದ ಮುಚ್ಚಳ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಫ್ ಮಾಡಿದ ಯಂತ್ರದಲ್ಲೂ ಬೋರ್ಡ್‌ನ ಕೆಲವು ಗೆರೆಗಳಲ್ಲಿ ಕರೆಂಟ್ ಇರುತ್ತದೆ, ಸ್ಕ್ರೂಡ್ರೈವರ್ ಜಾರಿದರೆ ಅಲ್ಲಿಗೇ ಮುಗಿಯಿತು. ತಳದ ಸ್ಕ್ರೂಗಳು ಎಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಅದು ಮೇಲೆ ಕೀಬೋರ್ಡ್ ಕಡೆಗೆ ಉಬ್ಬಿ ಬರುತ್ತದೆ. ಕಾಗದದಲ್ಲಿ ತಳದ ಚಿತ್ರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಟ್ಟರೆ ಈ ತಾಪತ್ರಯ ಇಲ್ಲ.

ರ‍್ಯಾಮ್ ವಿಷಯದಲ್ಲಿ ಮೊದಲು ಕೇಳಬೇಕಾದ್ದು ‘ಸ್ಲಾಟ್ ಇದೆಯಾ?’ ರ‍್ಯಾಮ್‌ನ ಬಗೆ ಎಲ್‌ಪಿಡಿಡಿಆರ್ ಎಂದಿದ್ದರೆ ಬಹುತೇಕ ಬೆಸುಗೆ ಹಾಕಿದ್ದೇ, ಅದನ್ನು ಏನೂ ಮಾಡಲಾಗದು. ಸ್ಲಾಟ್ ಇದ್ದರೆ ತಲೆಮಾರು ಹೊಂದಬೇಕು. ಡಿಡಿಆರ್3 ಕಡ್ಡಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚು ಇರುವ ಜಾಗ ಬೇರೆಯಾದ್ದರಿಂದ ಒಂದರಲ್ಲಿ ಇನ್ನೊಂದು ಕೂರದು. ಮೋಸ ಹೋಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಆಕಾರ ಒಂದೇ, ವೋಲ್ಟ್ ಮಾತ್ರ 1.5 ಮತ್ತು 1.35. ಕಡಿಮೆ ವೋಲ್ಟ್‌ನದೇ ಬೇಕೆನ್ನುವ ಎಷ್ಟೋ ಯಂತ್ರಗಳು 1.5ರ ಕಡ್ಡಿ ಹಾಕಿದರೆ ಏಳುವುದೇ ಇಲ್ಲ. ವೇಗದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ: 2400ರ ಯಂತ್ರದಲ್ಲಿ 3200ರ ಕಡ್ಡಿ ಸಾಮಾನ್ಯವಾಗಿ 2400ಕ್ಕೆ ಇಳಿದು ಓಡುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 16 ಜಿಬಿಯ ಒಂದು ಕಡ್ಡಿಗಿಂತ 8ರ ಎರಡು ಕಡ್ಡಿ ವಾಸಿ, ಎರಡು ದಾರಿಯಲ್ಲಿ ಮಾಹಿತಿ ಹರಿಯುವುದರಿಂದ ಗ್ರಾಫಿಕ್ಸ್ ಚುರುಕಾಗುತ್ತದೆ.

ಕಡ್ಡಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಹಲ್ಲುಗಳು ಬಹುತೇಕ ಮರೆಯಾಗುವವರೆಗೆ ಒಳಗೆ ನೂಕಿ, ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ‘ಟಕ್’ ಎಂದು ಹಿಡಿದುಕೊಳ್ಳುತ್ತದೆ. ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗೇ ಇರಬಹುದು, ಡಿಡಿಆರ್5ನಲ್ಲಂತೂ ಇದು ಮಾಮೂಲು. ಯಂತ್ರ ಹೊಸ ಕಡ್ಡಿಯನ್ನು ಪರೀಕ್ಷೆ ಮಾಡುತ್ತಿರುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದರೆ ಮತ್ತೆ ಮೊದಲಿನಿಂದ ಶುರು.

ಶಾಖದ ಕಥೆ ಚಿಕ್ಕದು. ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಸಿಪಿಯು 95 ಡಿಗ್ರಿ ದಾಟುತ್ತಿದ್ದರೆ ಫ್ಯಾನ್ ಮತ್ತು ಹೀಟ್‌ಸಿಂಕ್‌ನ (ಶಾಖ ಹೊರಹಾಕುವ ಲೋಹದ ಭಾಗ) ನಡುವೆ ಬಟ್ಟೆಯಂತೆ ಹೆಣೆದುಕೊಂಡ ಧೂಳಿನ ಪದರ ಇರಬಹುದು. ಅದು ಹೊರಗಿನಿಂದ ಕಾಣುವುದಿಲ್ಲ, ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಗಾಳಿ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು. ಐದು ವರ್ಷ ದಾಟಿದ್ದರೆ ಥರ್ಮಲ್ ಪೇಸ್ಟ್ (ಚಿಪ್‌ನ ಶಾಖ ದಾಟಿಸುವ ಲೇಪ) ಒಣಗಿರಬಹುದು, ಅದನ್ನೂ ಒರೆಸಿ ಹೊಸದಾಗಿ ತೆಳುವಾಗಿ ಹಚ್ಚಿ.

ಬ್ಯಾಟರಿಯನ್ನು ಊಹೆಯ ಮೇಲೆ ಬದಲಿಸಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’ ಎಂದು ಟೈಪ್ ಮಾಡಿ (ಪವರ್ ಪದಕ್ಕೆ ಅಂಟಿಕೊಂಡೇ ಕೊನೆಗೆ ಸಿ, ಎಫ್, ಜಿ), ಒಂದು ಸ್ಪೇಸ್ ಬಿಟ್ಟು, ಓರೆಗೆರೆ (/) ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿದರೆ ವರದಿ ಸಿದ್ಧವಾಗುತ್ತದೆ. ‘ಡಿಸೈನ್ ಕೆಪ್ಯಾಸಿಟಿ’ 48,000, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ 24,000 ಅಂದರೆ ಬ್ಯಾಟರಿಯಲ್ಲಿ ಅರ್ಧ ಜೀವ ಉಳಿದಿದೆ. 60 ಶೇಕಡಾಕ್ಕಿಂತ ಕಡಿಮೆಯಿದ್ದು, ಪ್ಲಗ್ ಇಲ್ಲದ ಕಡೆ ಕೆಲಸ ಮಾಡುವವರಾದರೆ ಬದಲಿಸಿ. ಸದಾ ಮೇಜಿನ ಮೇಲೇ ಇರುವ ಯಂತ್ರವಾದರೆ ಬಿಟ್ಟುಬಿಡಿ. ಆದರೆ ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗುತ್ತಿಲ್ಲ, ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲ ಅಂದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಹಾಕುವುದನ್ನು ಅಂದೇ ನಿಲ್ಲಿಸಿ. ಅದನ್ನು ಒತ್ತಿ ಚಪ್ಪಟೆ ಮಾಡಲು ಹೋಗಲೇಬಾರದು.

ಭಾಗಗಳೆಲ್ಲ ಸರಿ ಇದ್ದರೂ ಕಾಯುವುದಕ್ಕೆ ಒಂದು ಗಡಿ ಇದೆ, ಅದನ್ನು ಹಾಕುವುದು ಆಪರೇಟಿಂಗ್ ಸಿಸ್ಟಂ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಮತ್ತು, ಒಂದೆರಡು ವಿನಾಯಿತಿ ಬಿಟ್ಟರೆ, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಮೇಲಿನದು ಬೇಕು. ಐ5-8250ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ತಲೆಮಾರನ್ನು ಹೇಳುತ್ತದೆ. ಐ5-7200ಯು ಆದರೆ ಮೈಕ್ರೋಸಾಫ್ಟ್‌ನ ಪಟ್ಟಿಯಿಂದ ಹೊರಗೆ. ಎಎಂಡಿಯಲ್ಲಿ ಹೆಸರು ದಾರಿ ತಪ್ಪಿಸುತ್ತದೆ: ರೈಜನ್ 5 2500ಯು ಕೇಳಲು ಎರಡನೇ ತಲೆಮಾರಿನಂತಿದ್ದರೂ ಒಳಗಿರುವುದು ಮೊದಲ ತಲೆಮಾರಿನ ವಿನ್ಯಾಸ, ಪಟ್ಟಿಯಲ್ಲಿಲ್ಲ, 3500ಯು ಇದೆ. ಪ್ರೊಸೆಸರ್ ಅರ್ಹವಾಗಿದ್ದೂ ‘ಈ ಪಿಸಿಗೆ ಆಗುವುದಿಲ್ಲ’ ಎಂದು ಬಂದರೆ ಕೈಚೆಲ್ಲಬೇಡಿ. ಬಯೋಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ, ಟಿಪಿಎಂ, ಅಂದರೆ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಆಫ್ ಆಗಿದೆಯೇ ನೋಡಿ. ಒಂದು ಸ್ವಿಚ್ಚಿನ ಕಾರಣಕ್ಕೆ ಗಟ್ಟಿಮುಟ್ಟಾದ ಯಂತ್ರ ಮೂಲೆ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಟಾಹೋ ಕೊನೆಯ ಆವೃತ್ತಿ ಎಂದು ಆಪಲ್ 2025ರಲ್ಲೇ ಹೇಳಿದೆ. ಬ್ರೌಸರ್, ಇಮೇಲ್, ಬರವಣಿಗೆಯಷ್ಟೇ ಕೆಲಸವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬಹುದು, 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನೀವು ಬಳಸುವ ಪ್ರಿಂಟರ್ ಮತ್ತು ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ನಡೆಯುತ್ತವೆಯೇ ಎಂದು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ಇನ್ನು ಹಣದ ಲೆಕ್ಕ. ಹೊಸ ಯಂತ್ರಕ್ಕೆ 100 ಎಂದಿಟ್ಟುಕೊಳ್ಳಿ. ಬೇಕಾದ ರಿಪೇರಿಯೆಲ್ಲ ಸೇರಿ 25–30ರೊಳಗೆ ಮುಗಿದು, ವಿಂಡೋಸ್ 11 ಪಟ್ಟಿಯಲ್ಲೂ ಯಂತ್ರ ಇದ್ದರೆ ರಿಪೇರಿ ಮಾಡಿಸಿ ಎರಡು ಮೂರು ವರ್ಷ ಕಾಯಿರಿ. 40 ದಾಟಿದರೆ ಬೇಡ. ಕೀಲು ಮುರಿದಿದೆ, ಪರದೆಯಲ್ಲಿ ಗೆರೆ ಬಂದಿದೆ, ಬ್ಯಾಟರಿಯೂ ಹೋಗಿದೆ ಅಂದರೆ ಲೆಕ್ಕ ಹಾಕುವುದೂ ಬೇಡ. ‘ಮುಂದಿನ ಚಿಪ್ ಬರಲಿ’ ಎಂದು ಕಾಯುವವರಿಗೆ ಕೊನೆಯೇ ಇಲ್ಲ, ಪ್ರತಿ ವರ್ಷವೂ ಒಂದು ಬರುತ್ತದೆ. ಆರು ವರ್ಷದ ಯಂತ್ರದಿಂದ ಹೋಗುವವರಿಗೆ ಈ ವರ್ಷದ ಚಿಪ್‌ಗೂ ಹೋದ ವರ್ಷದ್ದಕ್ಕೂ ಇರುವ ಅಂತರ ತಿಳಿಯುವುದೂ ಇಲ್ಲ. ಹೊಸದು ಬಿಡುಗಡೆಯಾದ ಮೇಲೆ ಹಿಂದಿನದನ್ನು ಕಡಿಮೆ ಬೆಲೆಗೆ ಕೊಳ್ಳುವುದು ಜಾಣತನ. ಬೆಲೆ ಇಳಿಯಲಿ ಎಂದು ಕಾಯುವುದೂ ಈಚೆಗೆ ಜೂಜೇ ಆಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಆ ಡಿಸೆಂಬರ್‌ನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಪ್ರಕಟಿಸಿತು. ಹಾಗಾಗಿ ರ‍್ಯಾಮ್ ಬೇಕೆಂದು ಟಾಸ್ಕ್ ಮ್ಯಾನೇಜರ್ ಹೇಳಿದ್ದರೆ ಹೊಸ ಕಡ್ಡಿಯ ಜೊತೆಗೆ, ಹಳೆಯ ಯಂತ್ರದಿಂದ ತೆಗೆದ ಕಡ್ಡಿಯ ಬೆಲೆಯನ್ನೂ ವಿಚಾರಿಸಿ. ರ‍್ಯಾಮ್ ಸವೆಯುವ ಭಾಗವಲ್ಲ. ಬಳಸಿದ ಎಸ್‌ಎಸ್‌ಡಿ, ಬ್ಯಾಟರಿಗೆ ಈ ಮಾತು ಅನ್ವಯಿಸದು.

ಹೊಸದನ್ನೇ ಕೊಳ್ಳುವುದಾದರೆ ರ‍್ಯಾಮ್ ಬೆಸುಗೆಯದೋ ಸ್ಲಾಟ್‌ನದೋ ಎಂದು ಕೇಳಿ. ಬೆಸುಗೆಯದಾದರೆ 16 ಜಿಬಿಗಿಂತ ಕಡಿಮೆಯದ್ದನ್ನು ಮುಟ್ಟಬೇಡಿ, ಇಲ್ಲವಾದರೆ ಮೂರು ವರ್ಷಕ್ಕೆ ಇದೇ ಪ್ರಶ್ನೆ ಮತ್ತೆ.

ಒಂದು ಸಂದರ್ಭದಲ್ಲಿ ಮಾತ್ರ ‘ಕಾಯಲೋ’ ಎಂದು ಕೇಳುವ ಹಾಗೇ ಇಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದು ನೋಡಿ. ನೀಲಿ ಇದ್ದರೆ ಸರಿ. ಹಳದಿಯಲ್ಲಿ ‘ಕಾಶನ್’ ಎಂದು ತೋರಿಸಿ, ಹಾರ್ಡ್ ಡಿಸ್ಕ್‌ನ ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಾಲಿನಲ್ಲಿ, ಸೊನ್ನೆಯ ಬದಲು ಬೇರೆ ಅಂಕಿ ಇದ್ದರೆ ಟಾಸ್ಕ್ ಮ್ಯಾನೇಜರ್, ಬೆಲೆ, ತಲೆಮಾರು ಎಲ್ಲವನ್ನೂ ಪಕ್ಕಕ್ಕಿಟ್ಟು ಫೋಟೋ ಮತ್ತು ಕಡತಗಳನ್ನು ಈವತ್ತೇ ಬೇರೆ ಡಿಸ್ಕ್‌ಗೆ ನಕಲಿಸಿ. ಮೊದಲು ಮುಖ್ಯವಾದ ಫೋಲ್ಡರ್, ಆಮೇಲೆ ಉಳಿದದ್ದು: ಅಂಥ ಡಿಸ್ಕ್ ನಕಲಿನ ನಡುವೆಯೇ ಕೈಕೊಡುವುದುಂಟು.