ಮಳೆಗಾಲದ ಅಪ್‌ಡೇಟ್: ನೆಲ, ಫೀಸು, ಭಾನುವಾರದ ಸೈಫರ್

ಜೂನ್

ಡ್ಯಾನ್ಸ್ ಕ್ಲಾಸಿನ ಹಾಲಿಗೆ ಮರದ ನೆಲ ಹಾಕಿಸುವ ಕೆಲಸ ಕೊನೆಗೂ ಶುರುವಾಯಿತು. "ಮಳೆಗಾಲದಲ್ಲಿ ಯಾರಾದ್ರೂ ಮರದ ಕೆಲಸ ಮಾಡಿಸ್ತಾರಾ?" ಅಂತ ಅಮ್ಮ ಕೇಳಿದರು. ಕೇಳುವ ಮಾತೇ. ಆದರೆ ಜೂನಿನಲ್ಲಿ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್ ಅಂತ ಎಲ್ಲರ ಕೈಯೂ ಖಾಲಿ, ಹೊಸಬರು ಸೇರುವುದಿಲ್ಲ, ಅದರ ಹಿಂದೆಯೇ ಆಷಾಢ ಬರುತ್ತದೆ, ಮದುವೆ ಮನೆಯವರ ಡ್ಯಾನ್ಸ್ ಕೂರಿಸುವ ಕೆಲಸವೂ ಇರಲ್ಲ. ಹಾಲ್ ಬಿಡುವಾಗಿ ಸಿಗುವುದೇ ಈಗ.

ಹೊಸದಾಗಿ ಓದುವವರಿಗೆ: ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್ ಬಾಡಿಗೆಗೆ ಹಿಡಿದು ಅರ್ಬನ್ ಡ್ಯಾನ್ಸ್ ಕಲಿಸುತ್ತೇನೆ. ಬ್ರೇಕಿಂಗ್ (ನೆಲಕ್ಕೆ ಇಳಿದು ತಿರುಗುವುದು), ಪಾಪಿಂಗ್ (ಸ್ನಾಯು ಬಿಗಿದು ಬಿಟ್ಟು ಮೈ ಝಕ್ ಅನ್ನಿಸುವುದು), ಲಾಕಿಂಗ್ (ಕುಣಿಯುತ್ತ ತಟ್ಟನೆ ಬಿಗಿಯಾಗಿ ನಿಲ್ಲುವುದು), ಜೊತೆಗೆ ಹಾಡಿಗೆ ಕೂರಿಸುವ ಕೊರಿಯೋಗ್ರಫಿ. ಇಷ್ಟು ದಿನ ಟೈಲ್ಸ್ ಮೇಲೆಯೇ ಕುಣಿದೆವು. ಟೈಲ್ಸಿನ ಕೆಳಗೆ ಕಾಂಕ್ರೀಟು, ಒಂಚೂರೂ ಬಗ್ಗುವುದಿಲ್ಲ. ಹಾರಿ ಇಳಿದಾಗಿನ ಪೆಟ್ಟೆಲ್ಲ ಮೊಣಕಾಲಿಗೆ. ಮಕ್ಕಳು ಮೈ ಕೊಡವಿಕೊಂಡು ಎದ್ದು ಹೋಗುತ್ತಾರೆ, ಬೆಳಗಿನ ಬ್ಯಾಚಿನ ಆಂಟಿಯರಿಗೆ ಮಾರನೇ ದಿನ ಮೆಟ್ಟಿಲು ಹತ್ತುವುದೇ ಕಷ್ಟ.

ಆಚಾರ್ರಿಗೆ ಚಿತ್ರ ಬರೆದುಕೊಟ್ಟೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟು, ತೇವ ಮೇಲೆ ಬರದ ಹಾಗೆ. ಅದರ ಮೇಲೆ ಅಂಗೈ ಅಗಲದ ಫೋಮ್ ತುಂಡುಗಳು, ಅಡಿಗೊಂದು. ಆಮೇಲೆ 12 ಎಂಎಂ ಪ್ಲೈವುಡ್ ಎರಡು ಪದರ, ಮೇಲಿನದು ಕೆಳಗಿನದಕ್ಕೆ ಅಡ್ಡ, ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬರಕೂಡದು. ಕೊನೆಗೆ ವಿನೈಲ್ ಹಾಸು. ಪ್ಲೈವುಡ್ ಐಎಸ್ 710 ಮುದ್ರೆ ಇರುವ, ಕುದಿನೀರಿಗೂ ಪದರ ಬಿಡದ ಬಿಡಬ್ಲ್ಯೂಪಿ ಗ್ರೇಡೇ ಆಗಬೇಕು ಅಂತ ಹಠ ಹಿಡಿದೆ. ತೇವವನ್ನಷ್ಟೇ ತಡೆಯುವ ಎಂಆರ್ ಗ್ರೇಡ್ ಕಡಿಮೆಗೆ ಸಿಗುತ್ತದೆ, ಒಣ ಊರಿಗಾದರೆ ಸಾಕು. ನಮ್ಮ ಕಡೆ ಒಗೆದ ಬಟ್ಟೆಯೇ ವಾರವಾದರೂ ಒಣಗಲ್ಲ, ಇನ್ನು ಅದರ ಗತಿ ಏನು?

"ಗೋಡೆ ಹತ್ರ ಅರ್ಧ ಇಂಚು ಜಾಗ ಬಿಡಿ" ಅಂದೆ. "ಅದನ್ನ ನೀವು ಹೇಳ್ಬೇಕಾ ಮೇಡಂ, ಮಳೆಗಾಲದಲ್ಲಿ ನಮ್ಮನೆ ಬಚ್ಚಲ ಬಾಗಿಲನ್ನ ಒದ್ದೇ ತೆಗೀಬೇಕು" ಅಂದರು. ಸ್ಕ್ರೂಗಳ ತಲೆ ಒಳಗಿಳಿಸಿ, ಪುಟ್ಟಿ ತುಂಬಿ, ಉಜ್ಜಿ, ಮಂಡಿಯೂರಿ ಕೂತು ಅಂಗೈಯಲ್ಲಿ ಸವರುತ್ತ ಹೋದರು. ಒಂದು ಕಡೆ ಏನೋ ಕೈಗೆ ತಾಕಿತು. ನನಗೆ ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಸವರಿ, ಮರಳು ಕಾಗದ ತೆಗೆದು ಅಲ್ಲಷ್ಟೇ ಮತ್ತೆ ಉಜ್ಜಿದರು. ಇಲ್ಲಿ ಹುಡುಗರು ಬೆನ್ನ ಮೇಲೆ ಗಿರಗಿರ ತಿರುಗುತ್ತಾರೆ ಅಂತ ಮೊದಲ ದಿನ ಹೇಳಿದ್ದೆ. ಅದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಜುಲೈ

ಹೊಸ ನೆಲದ ಮೇಲೆ ಕ್ಲಾಸ್ ಶುರು. ಹೊರಗಿನ ಶೂ ಒಳಗೆ ಇಲ್ಲ, ಇದೊಂದೇ ಕಾನೂನು. ಮೆಟ್ಟಿಲ ಮೇಲೆ ಕೊಡೆ, ರೇನ್‌ಕೋಟುಗಳ ರಾಶಿ. ಕೆಳಗಿನ ಅಂಗಡಿಯವರು ಸದ್ದು ಕಡಿಮೆಯಾಗಿದೆ ಅಂತ ತಾವಾಗಿಯೇ ಬಂದು ಹೇಳಿದರು. ಫೋಮಿನ ಪುಣ್ಯ.

ದುಡ್ಡಿನ ವಿಷಯ ತುಂಬಾ ಜನ ಕೇಳುತ್ತೀರಿ, ಅದಕ್ಕೆ ಬಿಚ್ಚಿ ಬರೆಯುತ್ತೇನೆ. ಫೀಸು ತಿಂಗಳಿಗೆ 900. ಬಾಡಿಗೆ ಹುಟ್ಟುವುದು ಬ್ರೇಕಿಂಗ್ ಹುಡುಗರಿಂದ ಅಲ್ಲ. ಬೆಳಗ್ಗೆ ಆರೂವರೆಯ ಆಂಟಿಯರ ಬ್ಯಾಚು, ಸಂಜೆಯ ಚಿಕ್ಕ ಮಕ್ಕಳು, ಡಿಸೆಂಬರ್ ಜನವರಿಯ ಸ್ಕೂಲ್ ಡೇ ಕೆಲಸ, ಈ ಮೂರರಲ್ಲೇ ವರ್ಷದ ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಏಳಬೇಕು. ಆಂಟಿಯರಂತೂ ಒಂದನೇ ತಾರೀಖಿಗೆ ಸರಿಯಾಗಿ ಫೋನ್‌ಪೇ ಮಾಡುತ್ತಾರೆ, ಮಳೆ ಬಂದರೂ ತಪ್ಪಿಸಲ್ಲ, ಕೂರಿಸಿದ್ದನ್ನು ಮರೆಯಲ್ಲ. ಅವರನ್ನು ಸುಮ್ನೆ ಟೈಂಪಾಸ್ ಬ್ಯಾಚ್ ಅಂತ ನೋಡುವ ಡ್ಯಾನ್ಸರ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತೀರ್ಥಹಳ್ಳಿ ರಸ್ತೆ ಕಡೆಯಿಂದ ಬರುವ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ತಿಂಗಳ ಸಂಬಳ ಇಲ್ಲ, ಅಡಿಕೆ ಕೊಯ್ಲಾಗಿ ಮಾರಿದ ಮೇಲೆಯೇ ಕೈಯಲ್ಲಿ ಕಾಸು. ತಿಂಗಳು ತಿಂಗಳು ಫೀಸು ಕೇಳಿದರೆ ಅವರಿಗೂ ಮುಜುಗರ, ನನಗೂ ಮುಜುಗರ. ಹಾಗಾಗಿ ವರ್ಷದ ಫೀಸು ಒಟ್ಟಿಗೆ, ಫೆಬ್ರವರಿಯಲ್ಲಿ ಕೊಡಿ, ಒಂದು ತಿಂಗಳದ್ದು ಬಿಡುತ್ತೇನೆ ಅಂತ ಮಾಡಿದೆ. ಚೆನ್ನಾಗಿ ನಡೆಯುತ್ತಿದೆ. ಈ ಸಲ ಮಾತ್ರ ಮಳೆ ಬಿಡುವು ಕೊಡುತ್ತಿಲ್ಲ, ಬೋರ್ಡೋ ಔಷಧಿ ಹೊಡೆಸಲು ಮರ ಹತ್ತುವ ಕೊನೆಗಾರರು ಸಿಗುತ್ತಿಲ್ಲ, ಕೊಳೆ ರೋಗ ಹತ್ತಿದರೆ ಫೆಬ್ರವರಿಯ ಫೀಸು ಏಪ್ರಿಲ್‌ಗೆ ಹೋಗುತ್ತದೆ. ಡ್ಯಾನ್ಸ್ ಕ್ಲಾಸಿನವಳು ಅಡಿಕೆ ಧಾರಣೆ ನೋಡುವುದು ಶಿವಮೊಗ್ಗದಲ್ಲಿ ಮಾತ್ರ ಇರಬೇಕು.

ಜಿಎಸ್‌ಟಿ ಮಾಡಿಸಿದ್ದೀರಾ ಅಂತ ಒಬ್ಬರು ಕೇಳಿದರು. ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದರೆ ಮಾಡಿಸಬೇಕು. ದಾಟಲಿ, ಸಿಹಿ ಹಂಚುತ್ತೇನೆ.

ಆಗಸ್ಟ್

ಈ ತಿಂಗಳು ಬರೆಯಲು ಜಾಸ್ತಿ ಇದೆ.

ಭಾನುವಾರದ ಸೈಫರ್ ಬೇಸಿಗೆಯಲ್ಲಿ ಫ್ರೀಡಂ ಪಾರ್ಕಿನಲ್ಲಿ, ಹಳೇ ಜೈಲಿನ ಜಾಗದಲ್ಲಿ ಮಾಡುತ್ತಿದ್ದೆವು. ಮಳೆಗೆ ಸ್ಟುಡಿಯೋಗೆ ತಂದೆವು. ಎಲ್ಲರೂ ಸುತ್ತ ನಿಲ್ಲುವುದು, ಒಬ್ಬರು ನಡುವೆ ಬಂದು ಕುಣಿಯುವುದು, ಮುಗಿದ ಮೇಲೆ ಇನ್ನೊಬ್ಬರು. ಟೀಚರ್ ಇಲ್ಲ, ಕೌಂಟ್ ಇಲ್ಲ, ಫೀಸೂ ಇಲ್ಲ. ಭದ್ರಾವತಿಯಿಂದ, ಸಾಗರದಿಂದ ಬಸ್ಸು ಹತ್ತಿ ಬರುತ್ತಾರೆ. ಐವತ್ತು ರೂಪಾಯಿ ಎಂಟ್ರಿ ಇಡು ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಇಡಲ್ಲ. ಗ್ಯಾರೇಜಿನಲ್ಲಿ ದುಡಿಯುವ ಹುಡುಗನೂ ಮೆಡಿಕಲ್ ಓದುವ ಹುಡುಗಿಯೂ ಪಕ್ಕಪಕ್ಕ ನಿಂತು ಚಪ್ಪಾಳೆ ಹೊಡೆಯುವ ಜಾಗ ಈ ಊರಲ್ಲಿ ಇನ್ನೆಲ್ಲಿದೆ ಹೇಳಿ. ವ್ಯಾಪಾರದ ಕಣ್ಣಿಂದ ನೋಡಿದರೂ ಸರಿಯೇ, ಈಗ ನನ್ನ ಜೊತೆ ಮಕ್ಕಳ ಬ್ಯಾಚ್ ನೋಡಿಕೊಳ್ಳುವ ಇಬ್ಬರೂ ಭಾನುವಾರ ಸುಮ್ನೆ ನೋಡಲು ಬಂದವರೇ.

ಆಗಸ್ಟ್ 11 ಹಿಪ್ ಹಾಪ್ ಹುಟ್ಟಿದ ದಿನ ಅಂತ ಲೆಕ್ಕ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಕಟ್ಟಡದಲ್ಲಿ ಒಬ್ಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಮಾಡಿಕೊಳ್ಳಲು ಪಾರ್ಟಿ ಇಟ್ಟಳು. ಅವಳ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದ. ಹಾಡು ನಿಂತು ಬರೀ ತಾಳ ಉಳಿಯುವ ತುಣುಕು ಬಂದರೆ ಜನ ಹುಚ್ಚೆದ್ದು ಕುಣಿಯುವುದನ್ನು ನೋಡಿದ್ದ ಹರ್ಕ್, ಎರಡು ಪ್ಲೇಯರಿನಲ್ಲಿ ಅದೇ ರೆಕಾರ್ಡ್ ಇಟ್ಟು ಆ ತುಣುಕನ್ನೇ ಎಳೆಯತೊಡಗಿದ. ಆ ತುಣುಕೇ ಬ್ರೇಕ್. ಅದಕ್ಕೆ ಕುಣಿದವರು ಬಿ-ಬಾಯ್, ಬಿ-ಗರ್ಲ್. ಪಾಪಿಂಗ್, ಲಾಕಿಂಗ್ ಮಾತ್ರ ಕ್ಯಾಲಿಫೋರ್ನಿಯಾ ಕಡೆಯವು, ಲಾಕಿಂಗ್ ಡಾನ್ ಕ್ಯಾಂಪ್‌ಬೆಲ್‌ನಿಂದ, ಪಾಪಿಂಗ್ ಫ್ರೆಸ್ನೋದ ಬೂಗಲೂ ಸ್ಯಾಮ್ ಮತ್ತು ಅವನ ತಂಡದಿಂದ. ಇದನ್ನೆಲ್ಲ ಮಕ್ಕಳಿಗೆ ಹೇಳಿ ಕಲಿಸುತ್ತೇನೆ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಕುಣಿಯುವುದು ನನಗೆ ಸೇರಲ್ಲ.

ಆ ವಾರದ ಸೈಫರ್ ನಡುವೆ ಕರೆಂಟ್ ಹೋಯಿತು. ಸ್ಪೀಕರಿನ ಚಾರ್ಜೂ ಮುಗಿದಿತ್ತು. ಸಾಗರದ ಕಡೆ ಹಳ್ಳಿಯ ಒಬ್ಬ ಹುಡುಗ, ಅವರ ತಂದೆಯದು ಡೊಳ್ಳಿನ ತಂಡ, ಮೂಲೆಯಲ್ಲಿದ್ದ ಖಾಲಿ ನೀರಿನ ಕ್ಯಾನ್ ತೊಡೆ ಮೇಲೆ ಇಟ್ಟುಕೊಂಡು ಬಾರಿಸಲು ಶುರು ಮಾಡಿದ. ಮೊದಲು ನಿಧಾನ. ಆಮೇಲೆ ಏರಿಸುತ್ತ ಹೋದ. ಮೊಬೈಲ್ ಟಾರ್ಚ್ ಹಿಡಿದು ಎಲ್ಲರೂ ಕುಣಿದೆವು, ಆಂಟಿಯರ ಬ್ಯಾಚಿನ ಒಬ್ಬರು ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದರು, ಅವರೂ ನಡುವೆ ಬಂದರು! ಆ ಡೊಳ್ಳಿನ ಮನೆ ಹುಡುಗ ಕುಣಿಯುವಾಗ ಗಮನಿಸಿ, ಟಾಪ್‌ರಾಕ್‌ನಲ್ಲಿ (ನೆಲಕ್ಕೆ ಇಳಿಯುವ ಮುಂಚೆ ನಿಂತೇ ಹಾಕುವ ಹೆಜ್ಜೆ) ಭುಜ ಸ್ವಲ್ಪ ಮುಂದಕ್ಕೆ, ಭಾರದ ವಾದ್ಯ ಹೊತ್ತವನ ನಿಲುವು. ತಿದ್ದಲು ಹೋಗಿಲ್ಲ. ಅದು ಅವನದೇ ಸ್ಟೈಲು.

ಒಲಿಂಪಿಕ್ಸ್ ಬಗ್ಗೆ ಪೋಷಕರು ಇನ್ನೂ ಕೇಳುತ್ತಾರೆ. 2024ರ ಪ್ಯಾರಿಸ್‌ನಲ್ಲಿ ಬ್ರೇಕಿಂಗ್ ಇತ್ತು, ಜಪಾನಿನ ಆಮಿ, ಕೆನಡಾದ ಫಿಲ್ ವಿಜಾರ್ಡ್ ಚಿನ್ನ ಗೆದ್ದರು. 2028ರ ಲಾಸ್ ಏಂಜಲೀಸ್‌ನಲ್ಲಿ ಇಲ್ಲ. ಇದನ್ನು ಹಾಗೇ ಹೇಳುತ್ತೇನೆ. ಕೇಳಿ ಒಂದಿಬ್ಬರು ಕರಾಟೆಗೆ ಸೇರಿಸಿದರು, ಆಗಲಿ. (ಕರಾಟೆಯೂ ಅಲ್ಲಿಲ್ಲ, ಅದನ್ನು ನಾನು ಹೇಳಲಿಲ್ಲ.)

ಸೆಪ್ಟೆಂಬರ್

ದಸರಾ ಹತ್ತಿರ. ಒಂದು ಕಾರ್ಯಕ್ರಮದವರು ಡೊಳ್ಳು ಮತ್ತು ಹಿಪ್ ಹಾಪ್ ಫ್ಯೂಷನ್ ಮಾಡಿಕೊಡಿ, ಐದು ನಿಮಿಷ, ಹತ್ತು ದಿನದಲ್ಲಿ ಅಂದರು. ದುಡ್ಡು ಚೆನ್ನಾಗಿತ್ತು. ಕ್ಯಾನ್ ಬಾರಿಸಿದ ಆ ಹುಡುಗನನ್ನೇ ಕೇಳಿದೆ. "ಅಕ್ಕ, ಅಪ್ಪಂಗೆ ತೋರಿಸ್ದೆ ಬೇಡ" ಅಂದ. ಕಾರ್ಯಕ್ರಮದವರಿಗೆ ಬೇಡ ಅಂತ ಹೇಳಿ ಕಳಿಸಿದೆ. ಈಗ ಅಪ್ಪ ಮಗ ಇಬ್ಬರೂ ಮನೆಯಲ್ಲಿ ಏನೋ ಕಟ್ಟುತ್ತಿದ್ದಾರಂತೆ.

ಸ್ಕೂಲ್ ಡೇ ಬುಕಿಂಗ್ ಬರತೊಡಗಿವೆ. ಈ ವರ್ಷದಿಂದ ಅರ್ಧ ದುಡ್ಡು ಮೊದಲೇ. ಹೋದ ವರ್ಷ ಒಂದು ಶಾಲೆಯವರು ಹಣ ಕೊಡಲು ಬೇಸಿಗೆ ರಜೆ ಮುಗಿಯುವವರೆಗೂ ಅಲೆದಾಡಿಸಿದರು. ಅಡ್ವಾನ್ಸ್ ಅಂದ ಕೂಡಲೇ ಒಬ್ಬರು ಫೋನ್ ಇಟ್ಟರು, ಉಳಿದವರು ಮಾತಾಡದೆ ಒಪ್ಪಿದರು.

ನವೆಂಬರಿನಲ್ಲಿ ಊರಿನ ಮೊದಲ ಜಾಮ್ (ಡ್ಯಾನ್ಸರ್‌ಗಳೆಲ್ಲ ಸೇರಿ ಪೈಪೋಟಿಗೆ ಕುಣಿಯುವ ಕೂಟ) ಮಾಡುವ ಯೋಚನೆ ಇದೆ, ಸ್ಕೂಲ್ ಡೇ ಗಲಾಟೆ ಶುರುವಾಗುವ ಮುಂಚೆ. ಬೆಂಗಳೂರಿನಿಂದ ಬರುವ ಜಡ್ಜುಗಳ ರೈಲಿನ ಖರ್ಚು ಬೆಳಗಿನ ಬ್ಯಾಚಿನವರು ವಹಿಸಿಕೊಂಡಿದ್ದಾರೆ. ರೆಕಾರ್ಡ್ ಮಾಡಿದ ಹಾಡು ಹಾಕಲು ಲೈಸೆನ್ಸ್ ಬೇಕು, ಮದುವೆಗೆ ಕಾಪಿರೈಟ್ ಕಾಯ್ದೆಯಲ್ಲಿ ವಿನಾಯಿತಿ ಇದೆ, ಜಾಮ್‌ಗೆ ಇಲ್ಲ, ಆ ಫಾರಂ ತುಂಬುವುದು ಬಾಕಿ. ಇನ್ನು ಪಾಪಿಂಗ್‌ನವರು ತಮಗೆ ಬೇರೆ ರೌಂಡ್ ಬೇಕು ಅಂತ ಪಟ್ಟು ಹಿಡಿದಿದ್ದಾರೆ, ಬ್ರೇಕಿಂಗ್‌ನವರು ಎಲ್ಲ ಒಟ್ಟಿಗೇ ಇರಲಿ ಅನ್ನುತ್ತಾರೆ. ಈ ಭಾನುವಾರ ಕೂತು ಮಾತಾಡಬೇಕು.